ತೋಪಿನ ಶಾಲೆಯಲ್ಲಿ ಇಂಗ್ಲಿಷಿಲ್ಲ

೧೯೧೨ ಆಗಸ್ಟ್ ೫, ಸೋಮವಾರ

ಈ ಪುಸ್ತಕವನ್ನು ಮೇಷ್ಟರು ಕೊಟ್ಟದ್ದು ಗಿಡಗಳ ವಿಷಯ ಬರೆಯಲು. ಮುಂದಿನ ಕಡೆಯಿಂದ ಗಿಡ ಬರೆಯುತ್ತೇನೆ. ಹಿಂದಿನ ಕಡೆಯಿಂದ ನನ್ನ ಸಿಟ್ಟು ಬರೆಯುತ್ತೇನೆ. ಬಾಯಿಬಿಟ್ಟು ಹೇಳುವುದು ನನ್ನಿಂದಾಗದು. ಇವತ್ತು ಮೇಷ್ಟರು ಹೆಸರು ಕೇಳಿದಾಗಲೂ ಅಪ್ಪನೇ ಹೇಳಬೇಕಾಯಿತು: "ಚಿತ್ರಲಿಂಗ ಅಂತ್ರಿ. ನಾಕನೇ ಕ್ಲಾಸು ಆಗೈತೆ. ಮಾತು ಕಮ್ಮಿ."

ಮೇಷ್ಟರ ಹೆಸರು ಶಿವಕುಮಾರಪ್ಪ. ಹೊಸದುರ್ಗದ ವರ್ತಕರ ಮನೆತನ. ಬಿ.ಎ. ಓದಿದವರು. ಹೈಸ್ಕೂಲಿನ ಕೆಲಸ ಬಿಟ್ಟು ಬಂದು ಹಿರೇಗುಂಟನೂರಿನ ಹೊರಗೆ ಹುಣಸೆ ತೋಪಿನಲ್ಲಿ ಈ ಶಾಲೆ ತೆಗೆದಿದ್ದಾರೆ. ಊರ ಶಾಲೆ ಮುಗಿಸಿದ ದೊಡ್ಡ ಹುಡುಗರಿಗೆ ಇಲ್ಲಿ ಮುಂದಿನ ಓದು, ಊಟವೂ ಇಲ್ಲೇ ಎಂದು ಯಾರೋ ಹೇಳಿದ್ದನ್ನು ಕೇಳಿ, ಅಪ್ಪ ಜವನಗೊಂಡನಹಳ್ಳಿ ಹತ್ತಿರದ ನಮ್ಮ ಹಟ್ಟಿಯಿಂದ ನನ್ನನ್ನು ನಡೆಸಿಕೊಂಡು ಬಂದ.

ಯಾಕೆ ಬಂದ ಎಂಬುದನ್ನು ಬರೆದಿಡಬೇಕು. ಹೋದ ವರ್ಷ ನಮ್ಮ ಕುರಿಗಳು ಕಾವಲಿನ ಹುಲ್ಲಿಗೆ, ಅಂದರೆ ಸರ್ಕಾರದ ದನಗಳಿಗೆಂದು ಕಾದಿಟ್ಟ ಹುಲ್ಲಿಗೆ ನುಗ್ಗಿದವೆಂದು ದೊಡ್ಡಿಗೆ ಹೊಡೆದಿದ್ದರು. ಬಿಡಿಸಿಕೊಳ್ಳಲು ನಾನೂ ಅಪ್ಪನ ಸಂಗಡ ಹೋಗಿದ್ದೆ. ಇಬ್ಬರು ಅಧಿಕಾರಿಗಳು ಅಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿದರು. ಅಪ್ಪನ ಕಡೆ ನೋಡಿದರು. ನಕ್ಕರು. ಅಪ್ಪನೂ ನಕ್ಕ.

"ನೀನ್ಯಾಕೆ ನಕ್ಕೆ?" ಎಂದು ಹೊರಗೆ ಬಂದ ಮೇಲೆ ಕೇಳಿದೆ.

"ಅವ್ರು ನಕ್ರಲ್ಲ, ಅದ್ಕೆ."

ಹಟ್ಟಿ ಕಂಡಾಗ ಹೇಳಿದ: "ನೀನು ಆ ಮಾತು ಕಲಿ."

ಇವತ್ತು ಮೇಷ್ಟರು ಅಪ್ಪನಿಗೆ, "ಇಲ್ಲಿ ಪ್ರಕೃತಿಯೇ ಪಾಠ, ಗುಡ್ಡಪ್ಪ. ಮರವೇ ಗುರು" ಎಂದರು. ಅಪ್ಪ ಹೂಂ ಎಂದ. ಅವನಿಗೆ ಅದೂ ಇಂಗ್ಲಿಷಿನಷ್ಟೇ ಅರ್ಥವಾಯಿತು.

ಆಗಸ್ಟ್ ೮

ಬೆಂಚಿಲ್ಲ, ಗಂಟೆಯಿಲ್ಲ, ಪಾಠದ ಪುಸ್ತಕವಿಲ್ಲ. ಹನ್ನೆರಡು ಹುಡುಗರು ತೋಪಿನ ನಡುವಿನ ಆಲದ ಮರದ ಕೆಳಗೆ ಕಣ್ಣು ಮುಚ್ಚಿ ಕೂರಬೇಕು. ಏನು ಕೇಳಿಸುತ್ತದೋ ಹೇಳಬೇಕು. ನನ್ನ ಪಕ್ಕದವನು ಕೆಂಚಪ್ಪ, ಹೊಳಲ್ಕೆರೆ ಕಡೆಯ ಒಕ್ಕಲು ಮನೆಯವನು. ಅವನು ಕಣ್ಣು ಮುಚ್ಚಿದವನು ನಿದ್ದೆಯನ್ನೇ ಮಾಡಿಬಿಟ್ಟ.

"ಏನಪ್ಪ ಕೆಂಚಪ್ಪ, ಏನು ಕೇಳಿಸಿತು?"

"ಗಾಳಿ, ಮೇಷ್ಟ್ರೇ."

"ಮತ್ತೆ?"

"ನಿಮ್ಮನೇಲಿ ಅಮ್ಮಾರು ಒಗ್ಗರಣೆ ಹಾಕಿದ್ದು."

ಎಲ್ಲರೂ ನಕ್ಕರು. ಮೇಷ್ಟರೂ ನಕ್ಕರು. ನನಗೆ ನಗು ಬರಲಿಲ್ಲ. ಮೂರು ದಿನದ ಹಾದಿ ನಡೆದದ್ದು ಗಾಳಿ ಕೇಳಲಿಕ್ಕೆ ಅಲ್ಲ. ಗಾಳಿ ನಮ್ಮ ಹಟ್ಟಿಯಲ್ಲಿ ಇದಕ್ಕಿಂತ ಜೋರಾಗಿದೆ.

ಮಧ್ಯಾಹ್ನ ಶಾಲೆಯ ಕುರಿಗಳನ್ನು ಮೇಯಿಸುವ ಪಾಠ. ಮೇಷ್ಟರು ಕೋಲನ್ನು ನನ್ನ ಕೈಗೇ ಕೊಟ್ಟು, "ನೀನು ಪುಣ್ಯವಂತ. ಇವರೆಲ್ಲ ಈಗ ಕಲಿಯುವುದನ್ನು ಹುಟ್ಟುತ್ತಲೇ ಕಲಿತವನು" ಎಂದರು. ಪುಣ್ಯವಂತ ಕೋಲು ಹಿಡಿದು ಹೋದ. ಕುರಿ ಬಿಟ್ಟು ಓದಲು ಬಂದವನಿಗೆ ಓದಿನಲ್ಲೂ ಕುರಿ.

ಆಗಸ್ಟ್ ೨೩

ಇಂಗ್ಲಿಷ್ ಯಾವಾಗ ಎಂದು ಕೇಳಬೇಕೆಂದು ದಿನವೂ ಎದ್ದು ನಿಲ್ಲುತ್ತೇನೆ, ದಿನವೂ ನೀರು ಕುಡಿಯಲು ಎದ್ದವನಂತೆ ಹೂಜಿಯ ಹತ್ತಿರ ಹೋಗುತ್ತೇನೆ. ನನ್ನ ಹೊಟ್ಟೆಯಲ್ಲಿ ನೀರು ತುಂಬಿದೆ. ಕೊನೆಗೆ ಕೆಂಚಪ್ಪನೇ ಕೇಳಿದ. "ಮೇಷ್ಟ್ರೇ, ಲೋವರ್ ಸೆಕೆಂಡರಿ ಪರೀಕ್ಷೆಗೆ ಕೂರ್ಸಲ್ವೇನ್ರಿ ನಮ್ಮನ್ನ? ಇಂಗ್ಲಿಷ್ ಹೇಳ್ಕೊಡಲ್ವೇನ್ರಿ? ಇವ್ನು ಕೇಳು ಅಂದ."

ಇವನು ಅಂದರೆ ನಾನು. ನಾನು ನೆಲ ನೋಡಿದೆ.

ಮೇಷ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು, "ಆ ಓದು ನಿಮ್ಮನ್ನು ಗುಮಾಸ್ತರನ್ನಾಗಿ ಮಾಡುತ್ತದೆ. ನಾನು ನಿಮ್ಮನ್ನು ಮನುಷ್ಯರನ್ನಾಗಿ ಮಾಡಬೇಕೆಂದಿದ್ದೇನೆ."

ಹಾಗಾದರೆ ಈಗ ನಾವು ಏನು?

ಸಂಜೆ ಮೇಷ್ಟರು ಜಗಲಿಯಲ್ಲಿ ದಪ್ಪನೆಯ ಇಂಗ್ಲಿಷ್ ಪುಸ್ತಕ ಓದುತ್ತಿದ್ದರು. ಓದುತ್ತ ಓದುತ್ತ ತಮ್ಮಷ್ಟಕ್ಕೆ ನಕ್ಕರು. ನಾನು ಅಂಗಳದಲ್ಲಿದ್ದೆ. ಅವರು ನಕ್ಕದ್ದು ಯಾಕೆಂದು ನನಗೆ ತಿಳಿಯಲಿಲ್ಲ. ಆದರೆ ನಾನು ಅಪ್ಪನಲ್ಲ. ನಾನು ನಗಲಿಲ್ಲ.

ಸೆಪ್ಟೆಂಬರ್ ೪

ಮೇಷ್ಟರ ಹೆಂಡತಿ ಅನ್ನಪೂರ್ಣಮ್ಮನವರು ಒಳ್ಳೆಯವರು. ನಾನು ಮಾತಾಡುವುದಿಲ್ಲವಾದ್ದರಿಂದ ನೀರು ಸೇದುವಾಗ ನನ್ನ ಹತ್ತಿರವೇ ಎಲ್ಲ ಹೇಳಿಕೊಳ್ಳುತ್ತಾರೆ. ಇವತ್ತು ಮಗನ ಸುದ್ದಿ ಬಂತು.

"ನಮ್ಮ ಪಂಚಾಕ್ಷರಿ ಮೈಸೂರ್ನಾಗೆ ಹೈಸ್ಕೂಲು. ಐದನೇ ಫಾರಂ. ಅವರಪ್ಪಂಗೆ ಇಂಗ್ಲಿಷ್ನಾಗೇ ಕಾಗದ ಬರೀತಾನಪ್ಪ. ನಂಗೆ ಇವರು ಓದಿ ಹೇಳ್ಬೇಕು. ಅರ್ಧ ಹೇಳ್ತಾರೆ, ಅರ್ಧ ನುಂಗ್ತಾರೆ."

ನಾನು ಕೊಡವನ್ನು ಕೆಳಗಿಟ್ಟೆ. ಅದು ಉರುಳಿ ನೀರೆಲ್ಲ ಚೆಲ್ಲಿತು.

"ಏನಾತೋ?" ಎಂದರು.

ಏನಿಲ್ಲ ಎಂದೆ. ನಮಗೆ ಮರ. ಅವರ ಮಗನಿಗೆ ಮೈಸೂರು.

ಸೆಪ್ಟೆಂಬರ್ ೧೭

ಸಿಟ್ಟು. ಬೇರೇನೂ ಇಲ್ಲ. ಗಿಡದ ಕಡೆ ಎರಡು ಪುಟವಾಯಿತು.

ಅಕ್ಟೋಬರ್ ೧೧

ನಮ್ಮಲ್ಲಿ ಒಬ್ಬೊಬ್ಬನಿಗೆ ಒಂದೊಂದು ಗಿಡ. ವಾರಕ್ಕೊಮ್ಮೆ ಅದನ್ನೇ ನೋಡಿ ಬರೆಯಬೇಕು. ನನ್ನದು ತಂಗಡಿ. ಹುಟ್ಟಿದಾಗಿನಿಂದ ನೋಡಿದ ಗಿಡ, ಇದರಲ್ಲಿ ಬರೆಯುವುದೇನು ಎಂದು ನೋಡದೆಯೇ ಚಿತ್ರ ಬರೆದುಕೊಟ್ಟೆ.

ಮೇಷ್ಟರು ನೋಡಿ, "ಇದು ನಿನ್ನ ತಲೆಯಲ್ಲಿರುವ ತಂಗಡಿ. ಅಲ್ಲಿರುವುದನ್ನು ಬರೆ" ಎಂದು ವಾಪಸು ಕೊಟ್ಟರು. ಸಿಟ್ಟಿನಿಂದ ಹೋಗಿ ಗಿಡದ ಬುಡದಲ್ಲಿ ಕುಳಿತೆ. ಎಲೆಗಳು ಜೊತೆ ಜೊತೆಯಾಗಿವೆ. ಒಂದೊಂದು ಜೊತೆಯ ನಡುವೆ ಕಡ್ಡಿಯ ಮೇಲೆ ಸಾಸಿವೆಗಿಂತ ಸಣ್ಣದಾಗಿ ಒಂದು ಮೊಳೆಯಂಥದ್ದು ನಿಂತಿದೆ. ಇರುವೆಗಳು ಬರುವುದು ಹೂವಿಗಲ್ಲ, ಅದಕ್ಕೆ. ಒಂದು ಮೊಳೆಗೆ ಬಾಯಿಟ್ಟು ಮುಂದಿನದಕ್ಕೆ ಹೋಗುತ್ತವೆ.

ಮೇಷ್ಟರನ್ನು ಕರೆಯಬೇಕೆನ್ನಿಸಿತು. ಕರೆಯಲಿಲ್ಲ. ಅವರೇ ಬಂದು ನೋಡಿ, ಮಣ್ಣಿನಲ್ಲಿ ಮೊಣಕಾಲೂರಿ, ಕನ್ನಡಕ ತೆಗೆದು, ಎಲೆಗೆ ಮೂಗು ತಾಗುವಷ್ಟು ಬಗ್ಗಿ ಬಹಳ ಹೊತ್ತು ಹಾಗೆಯೇ ಇದ್ದರು. ಆ ಹೊತ್ತಿನಲ್ಲಿ ಅವರ ಮೇಲೆ ಸಿಟ್ಟು ಮಾಡುವುದು ಕಷ್ಟವಾಯಿತು. ಅದಕ್ಕೂ ಸಿಟ್ಟು ಬಂತು.

ಡಿಸೆಂಬರ್ ೨೭

ಜೋಳದ ಕೊಯ್ಲಾಗಿದೆ. ನಮ್ಮವರು ಕುರಿ ಹೊಡೆದುಕೊಂಡು ಈ ಕಡೆಯ ಎರೆ ಹೊಲಗಳಿಗೆ ಬರುವ ಕಾಲ. ಹೊಲದವರು ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಕುರಿ ರಾತ್ರಿಯೆಲ್ಲ ಅಲ್ಲಿ ಮಲಗಿದರೆ ಹೊಲಕ್ಕೆ ಗೊಬ್ಬರ, ಕುರಿಯವನಿಗೆ ಕಾಳು ಮತ್ತು ಊಟ. ಅಪ್ಪನ ಮಂದೆ ಹತ್ತಿರ ಬಂದಿದೆಯೆಂದು ತಿಳಿದು ಮೇಷ್ಟರು ಶಾಲೆಯ ಹೊಲದಲ್ಲಿ ನಿಲ್ಲಿಸಲು ಹೇಳಿ ಕಳಿಸಿದರು. ಇಷ್ಟೇ ಆಗಿದ್ದರೆ ಸರಿ.

ಸಂಜೆ ನಮ್ಮನ್ನೆಲ್ಲ ಆಲದ ಕೆಳಗೆ ಕೂರಿಸಿ, ಅಪ್ಪನನ್ನು ತಮ್ಮ ಜಾಗದಲ್ಲಿ ನಿಲ್ಲಿಸಿದರು. "ಇವತ್ತು ಗುಡ್ಡಪ್ಪನೇ ನಿಮಗೆ ಗುರು. ಇಂಥ ಕಾಡಿನ ಜನರಿಂದಲೇ ನಾವು ಕಲಿಯಬೇಕು. ಹೇಳಪ್ಪ."

ಅಪ್ಪ ಕಂಬಳಿಯನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಏನ್ ಹೇಳ್ಲಿ ಸ್ವಾಮಿ? ಕುರಿ ಅಂದ್ರೆ ಕುರಿ."

"ನಿನಗೆ ಗೊತ್ತಿರುವುದನ್ನೇ ಹೇಳು."

"ನಂಗೆ ಗೊತ್ತಿರೋದು ಇವನಿಗೂ ಗೊತ್ತೈತೆ. ಅದನ್ನ ಮನೇಲೇ ಹೇಳ್ಕೊಡ್ತಿದ್ದೆ, ಇಲ್ಲಿಗ್ಯಾಕೆ ಕರ್ಕಂಡ್ ಬರ್ಲಿ? ನೀವು ಹೇಳ್ರಿ, ನಾನೂ ಕುಂತು ಕೇಳ್ತೀನಿ. ಇಂಗ್ಲಿಷ್ ಎಷ್ಟು ಬಂತ್ರಿ ಇವನಿಗೆ?"

ಮೇಷ್ಟರು, "ಅದಕ್ಕಿಂತ ದೊಡ್ಡದನ್ನು ಕಲಿಯುತ್ತಿದ್ದಾನೆ" ಎಂದರು.

ಅಪ್ಪ ನನ್ನ ಕಡೆ ನೋಡಿದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬಂತೆ ನೋಡಿದ. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಇನ್ನಾರ ಮೇಲೂ ಬಂದಿಲ್ಲ.

ಡಿಸೆಂಬರ್ ೨೮

ಮಂದೆಯ ಬೆಂಕಿಯ ಬೆಳಕು ಸಾಲದು. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಎದ್ದಾಗ ಮೇಷ್ಟರ ಕೂಗು ಕೇಳಿಸಿತು. ಓಡಿಹೋದೆವು. ಆಲದ ಮರದ ಒಂದು ಕಡೆಯ ರೆಂಬೆಗಳೆಲ್ಲ ಕೆಳಗೆ ಬಿದ್ದಿದ್ದವು, ಕುರಿಗಳು ಸೊಪ್ಪು ತಿನ್ನುತ್ತಿದ್ದವು. ಅಪ್ಪ ಕುಡುಗೋಲು ಕಟ್ಟಿದ ದೋಟಿ ಹಿಡಿದು ನಿಂತಿದ್ದ.

"ಯಾರನ್ನು ಕೇಳಿ ಕಡಿದೆ?"

ಅಪ್ಪನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಮರಿ ಹಾಕಿದ ಕುರಿ ಅವೆ ಸ್ವಾಮಿ. ಸೊಪ್ಪು ಬೇಕಿತ್ತು."

ನಮ್ಮಲ್ಲಿ ಇದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಯಾರ ಹೊಲದಲ್ಲಿ ಮಂದೆ ನಿಂತಿತೋ ಅವರ ಮರದ ಸೊಪ್ಪು ಆ ದಿನ ಮಂದೆಗೆ. ಮಂದೆ ನಿಲ್ಲಿಸು ಎಂದರೆ ಸೊಪ್ಪು ಕಡಿದುಕೋ ಎಂದೇ ಅರ್ಥ. ಕಾಡಿನ ಜನರಿಂದ ಕಲಿಯಬೇಕೆನ್ನುವವರು ಇಷ್ಟನ್ನೂ ಕೇಳಿ ತಿಳಿದುಕೊಂಡಿರಲಿಲ್ಲ.

"ಇದರ ಕೆಳಗೆ ಮಕ್ಕಳು ಕೂತು ಓದುತ್ತಾರೆ. ಇದು ನಮಗೆ ಗುರು. ಗುರುವಿನ ಕೈ ಕಡಿದಿದ್ದೀಯಲ್ಲಯ್ಯ. ಕಾಡುಮನುಷ್ಯ."

ಅಪ್ಪ ದೋಟಿಯನ್ನು ಕೆಳಗಿಟ್ಟು ಕೈ ಮುಗಿದ. ಮತ್ತೆ ನಕ್ಕ. ದೊಡ್ಡಿಯ ಮುಂದೆ ನಕ್ಕಿದ್ದನಲ್ಲ, ಅದೇ ನಗು.

ಆಮೇಲೆ ಮಾತಾಡಿದ್ದು ನಾನು ಎಂದು ಈಗ ಬರೆಯುವಾಗಲೂ ನಂಬಿಕೆ ಬರುವುದಿಲ್ಲ.

"ಮಂದೆ ನಿಂತ ಹೊಲದ ಸೊಪ್ಪು ಮಂದೆಗೇ ಸೇರೋದು. ಎಲ್ಲಾ ಕಡೆ ಹಂಗೇ. ಗೊಬ್ಬರ ಬೇಕು, ಸೊಪ್ಪು ಕೊಡಲ್ಲ ಅನ್ನೋರು ಮೊದ್ಲೇ ಹೇಳ್ಬೇಕಿತ್ತು."

ಮೇಷ್ಟರು ತಿರುಗಿ ನೋಡಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ.

"ಮರವೇ ಗುರು ಅಂತೀರಿ. ನಿಮ್ಮ ಮಗ ಮೈಸೂರ್ನಾಗೆ ಯಾವ ಮರದ ಕೆಳಗೆ ಓದ್ತಾನ್ರಿ?"

ಅಪ್ಪ ನನ್ನ ಕೆನ್ನೆಗೆ ಹೊಡೆದ. "ಗುರುಗಳಿಗೆ ಹಂಗಂತಾರೇನಲೇ." ಹೊಡೆದ ಕೈಯಲ್ಲೇ ನನ್ನ ರಟ್ಟೆ ಹಿಡಿದು, "ನಡಿ, ಹೋಗಾಣ" ಎಂದ. ಗಂಟು ತೆಗೆದುಕೊಳ್ಳಲೂ ಬಿಡಲಿಲ್ಲ. ಕೆಂಚಪ್ಪ ಓಡಿ ಬಂದು ಈ ಪುಸ್ತಕವನ್ನೂ ಬಟ್ಟೆಯನ್ನೂ ಕೊಟ್ಟ.

೧೯೧೩ ಜನವರಿ ೬

ಹೊಳಲ್ಕೆರೆ ಕಡೆಯ ಹೊಲಗಳಲ್ಲಿದ್ದೇವೆ. ಅಪ್ಪ ಮಾತಾಡುವುದಿಲ್ಲ. ನಮ್ಮವ್ವ ತಿಪ್ಪಮ್ಮ ಎಲ್ಲರ ಪಾಲಿನ ಮಾತನ್ನೂ ತಾನೇ ಆಡುತ್ತಾಳೆ. "ಮೂಗನಂಗಿದ್ದೋನು, ಒಂದೇ ಸಲಕ್ಕೆ ಆರು ತಿಂಗಳಿನ ಮಾತಾಡಿ ಬಂದೈತೆ ನೋಡು ನನ್ ಮಗ. ಸ್ವಲ್ಪ ಉಳಿಸ್ಕಾಬಾರದಿತ್ತೇನೋ?"

ಇಂಗ್ಲಿಷ್ ಇಲ್ಲ. ಶಾಲೆಯೂ ಇಲ್ಲ. ಕುರಿಯ ಹಿಂದೆ ನಡೆಯುತ್ತೇನೆ. ಇವತ್ತು ಬದುವಿನ ಮೇಲೆ ಒಂದು ಬಳ್ಳಿ ಬೇಲಿಯನ್ನು ಬಲದಿಂದ ಎಡಕ್ಕೆ ಸುತ್ತಿಕೊಂಡಿತ್ತು. ಪಕ್ಕದ್ದು ಎಡದಿಂದ ಬಲಕ್ಕೆ. ಯಾಕೆ ಹೀಗೆ ಎಂದು ನೋಡುತ್ತ ನಿಂತೆ, ಕುರಿಗಳು ಯಾರದೋ ಅವರೆ ಹೊಲಕ್ಕೆ ನುಗ್ಗಿದವು. ಅಪ್ಪನಿಂದ ಬೈಸಿಕೊಂಡೆ. ಇದೆಲ್ಲ ಆ ಮೇಷ್ಟರು ಅಂಟಿಸಿದ ರೋಗ.

ಜನವರಿ ೧೫

ಸಂಕ್ರಾಂತಿಗೆ ಊರಿಗೆ ಬಂದಿದ್ದ ಕೆಂಚಪ್ಪ ನಮ್ಮ ಮಂದೆ ಹುಡುಕಿಕೊಂಡು ಬಂದ. ಎಳ್ಳು ಬೆಲ್ಲ ತಂದಿದ್ದ. ಅದರ ಜೊತೆ ಒಂದು ಸುದ್ದಿ.

"ಮೇಷ್ಟ್ರು ಮೈಸೂರಿಗೆ ಹೋಗಿ ಮಗನ್ನ ಕರ್ಕಂಡ್ ಬಂದಾರೆ ಕಣೋ. ಹೈಸ್ಕೂಲ್ ಬಿಡ್ಸಿಬಿಟ್ರು."

"ಯಾಕೆ?"

"ಯಾಕೆ ಅಂತಾನೆ. ನೀನು ಅಂದಿದ್ದಕ್ಕೆ. ಚಿತ್ರಲಿಂಗ ಹೇಳಿದ್ದು ನಿಜ, ನನ್ನ ಮಗನೂ ಇದೇ ಮರದ ಕೆಳಗೆ ಓದ್ಲಿ ಅಂತ ಎಲ್ರ ಮುಂದೆ ಹೇಳಿದ್ರು. ನಿಂಗೂ ಬಾ ಅಂದಾರೆ."

ಅಪ್ಪ ಕೇಳಿಸಿಕೊಂಡು, "ದೊಡ್ಡ ಮನುಷ್ಯ" ಎಂದ. ನನಗೆ ಮೈಯೆಲ್ಲ ಉರಿಯಿತು. ನಾನು ಕೇಳಿದ್ದು ನನಗೆ ಇಂಗ್ಲಿಷ್. ಅವನ ಇಂಗ್ಲಿಷ್ ಕಿತ್ತುಕೊಳ್ಳಿ ಎಂದು ಯಾರು ಕೇಳಿದರು?

ನಾಳೆ ಕೆಂಚಪ್ಪನ ಜೊತೆ ಹೊರಡುತ್ತೇನೆ. ಓದಲಿಕ್ಕಲ್ಲ. ಜಗಳಕ್ಕೆ.

ಜನವರಿ ೧೮

ಅನ್ನಪೂರ್ಣಮ್ಮನವರು ನನ್ನ ತಟ್ಟೆಗೆ ಮುದ್ದೆಯನ್ನು ಕಲ್ಲು ಎತ್ತಿಹಾಕಿದಂತೆ ಹಾಕಿದರು.

ಪಂಚಾಕ್ಷರಿ ಕೋಟು ಹಾಕಿಕೊಂಡು ಮರದ ಕೆಳಗೆ ಪೆಟ್ಟಿಗೆಯ ಮೇಲೆ ಕುಳಿತಿದ್ದ. ಪೆಟ್ಟಿಗೆ ತುಂಬ ಪುಸ್ತಕ. ಕೈಯಲ್ಲಿ ಕುರಿ ಕೋಲು.

"ನೀನೇನೋ ಅದು?"

"ನಾನೇ."

"ಮಾರ್ಚಿನಾಗೆ ನಂಗೆ ಪರೀಕ್ಷೆ ಇತ್ತು." ಅವನ ಧ್ವನಿ ಒಡೆಯಿತು. "ಈಗ ಈ ಕುರಿ ಮೇಯ್ಸಿ ಮನುಷ್ಯ ಆಗ್ಬೇಕಂತೆ. ಇವು ನನ್ ಮಾತೇ ಕೇಳಲ್ಲ."

"ಅವಕ್ಕೆ ಇಂಗ್ಲಿಷ್ ಬರಲ್ಲ" ಎಂದೆ.

ಹೊಡೆಯುತ್ತಾನೆಂದುಕೊಂಡೆ. ಅವನಿಗೆ ನಗು ಬಂತು, ನಗು ಬಂದದ್ದಕ್ಕೆ ಸಿಟ್ಟೂ ಬಂತು. ಆ ಎರಡೂ ಒಟ್ಟಿಗೆ ಬರುವುದು ನನಗೆ ಚೆನ್ನಾಗಿ ಗೊತ್ತು. ಆಮೇಲೆ ಕುರಿಗಳನ್ನು ನಾನು ನೋಡಿಕೊಂಡೆ. ಅವನು ಹಿಂದೆ ಹಿಂದೆ ಬರುತ್ತ ಮಣ್ಣಿನ ಮೇಲೆ ಕೋಲಿನಿಂದ ಇಂಗ್ಲಿಷ್ ಅಕ್ಷರ ಗೀಚಿ ತೋರಿಸಿದ. ಉಪಕಾರಕ್ಕಲ್ಲ, ಬೇಜಾರು ಕಳೆಯಲು ಎಂದು ಮೊದಲೇ ಹೇಳಿದ.

ಜನವರಿ ೨೨

ಇವತ್ತು ಸಂಜೆ ಒಬ್ಬನೇ ಹೋದೆ. ಮೇಷ್ಟರು ಜಗಲಿಯಲ್ಲಿದ್ದರು. "ಬಾರಪ್ಪ, ಕೂತ್ಕೋ" ಎಂದರು. ಕೂರಲಿಲ್ಲ.

"ಪಂಚಾಕ್ಷರೀನ ವಾಪಸು ಕಳಿಸ್ರಿ."

"ನೀನೇ ಕೇಳಿದ್ದಲ್ಲವೇ? ನನ್ನ ಮಗನಿಗೊಂದು, ನಿಮಗೊಂದು ಅಂತ. ನೀನು ಹೇಳಿದ್ದು ನನಗೆ ನಾಟಿತು. ಸರಿ ಮಾಡಿದ್ದೇನೆ."

"ಇದು ಸರಿ ಮಾಡಿದ್ದಲ್ರಿ. ಒಬ್ಬನಿಗೆ ಉಣ್ಣಾಕಿಲ್ಲ ಅಂದ್ರೆ ಇನ್ನೊಬ್ಬನ ತಟ್ಟೆ ಕಸ್ಕಂಡಂಗಾತು."

ಒಳಗೆ ಪಾತ್ರೆಯ ಸದ್ದು ನಿಂತಿತು. ಮೇಷ್ಟರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು.

"ಆ ಓದನ್ನು ನಾನು ಓದಿ, ಓದಿಸಿ ನೋಡಿದ್ದೇನಪ್ಪ. ಹುಡುಗರು ಕಣ್ಣಿದ್ದೂ ಕುರುಡರಾಗಿ ಹೊರಗೆ ಬರುತ್ತಾರೆ. ಮನೆ ಮುಂದಿನ ಗಿಡದ ಹೆಸರು ಗೊತ್ತಿರುವುದಿಲ್ಲ, ಲಂಡನ್ನಿನ ಬೀದಿಯ ಹೆಸರು ಗೊತ್ತಿರುತ್ತದೆ. ಬೇಡವೆಂದು ಬಿಟ್ಟು ಬಂದೆ."

"ನಿಮ್ಮತ್ರ ಇತ್ತು, ಬಿಟ್ರಿ. ನಮ್ಮತ್ರ ಇಲ್ಲ. ಇಲ್ದಿದ್ದನ್ನ ಹೆಂಗ್ರಿ ಬಿಡಾದು?"

ಬಹಳ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನನ್ನನ್ನು ಯಾರೂ ಸೋಲಿಸಲಾರರು.

"ಕಲಿತ ಮೇಲೆ ನೀವೆಲ್ಲ ಹೋಗಿಬಿಡುತ್ತೀರಿ" ಎಂದರು ಕೊನೆಗೆ. "ಕಚೇರಿಗೆ. ಈ ಕಡೆ ತಿರುಗಿಯೂ ನೋಡುವುದಿಲ್ಲ."

"ನೋಡ್ತೀವೋ ಬಿಡ್ತೀವೋ, ಅದನ್ನ ಆಗ ಕೇಳ್ರಿ. ಈಗ್ಲೇ ನೀವ್ಯಾಕೆ ಹೇಳ್ತೀರಿ?"

"ಸರಿ ಹಾಗಾದರೆ." ಎದ್ದು ನಿಂತರು. ಧ್ವನಿ ಕಹಿಯಾಗಿತ್ತು. "ಊರೊಳಗೆ ಒಂದು ಕೋಣೆ ಹಿಡಿಯುತ್ತೇನೆ. ಬೆಂಚು ಹಾಕಿಸುತ್ತೇನೆ, ಗಡಿಯಾರ ತೂಗುಹಾಕುತ್ತೇನೆ. ಹತ್ತರ ಜೊತೆ ಹನ್ನೊಂದನೆಯ ಶಾಲೆ. ಆಯಿತೇ?"

"ಕೋಣೆ ಯಾಕ್ರಿ? ಇಲ್ಲೇ ಹೇಳ್ಕೊಡ್ರಿ."

"ಇಲ್ಲೇ?"

"ಕೋಣೇಲಿ ಸೆಕೆ."

ಮೇಷ್ಟರು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದರು. ಆಮೇಲೆ ಗಂಟು ಬಿಚ್ಚಿತು, ಆದರೂ ನೋಡುತ್ತಲೇ ಇದ್ದರು. ಅದರಲ್ಲಿ ಅಷ್ಟು ನೋಡುವಂಥದ್ದೇನಿದೆಯೋ ತಿಳಿಯದು. ಕೋಣೆಯಲ್ಲಿ ಸೆಕೆ ಎಂಬುದು ಯಾರಿಗಾದರೂ ಗೊತ್ತು. ಬೆಳಿಗ್ಗೆ ಗಿಳಿಗಳು ಯಾವ ಕಡೆಯಿಂದ ಬಂದವೆಂದೂ ಕಾಣುವುದಿಲ್ಲ. ಮಧ್ಯಾಹ್ನ ಮೋಡ ಎದ್ದರೆ ತಿಳಿಯುವುದಿಲ್ಲ. ಇದನ್ನೆಲ್ಲ ಅವರಿಗೆ ನಾನು ಹೇಳಿಕೊಡಬೇಕೇ?

ಜನವರಿ ೨೬

ಪಂಚಾಕ್ಷರಿಯ ಗಾಡಿ ಚಿಕ್ಕಜಾಜೂರು ಸ್ಟೇಷನ್ನಿಗೆ ಹೊರಟಿತು. ಮುಗಿಸಿದ ತರಗತಿಗಳ ಪುಸ್ತಕಗಳನ್ನು, ಹೊರಲಾರೆ ಎಂದು ಬಿಟ್ಟುಹೋದ. ಪೆಟ್ಟಿಗೆಯನ್ನು ಗಾಡಿಗೆ ಏರಿಸಿದವನು ನಾನು. ಆ ಪುಸ್ತಕ ಸೇರಿಸಿದ್ದರೂ ಭಾರವೇನೂ ಹೆಚ್ಚುತ್ತಿರಲಿಲ್ಲ.

ಅನ್ನಪೂರ್ಣಮ್ಮನವರು ಗಾಡಿ ಮರೆಯಾದ ಮೇಲೆ ನನ್ನ ಹತ್ತಿರ ಬಂದು, "ಬಾಯಿ ಭಾಳ ಆಗೈತೆ ನಿಂದು" ಎಂದರು. ಮುದ್ದೆಯ ಮೇಲೆ ತುಪ್ಪ ಹಾಕಿದರು.

ಫೆಬ್ರವರಿ ೧೦, ಸೋಮವಾರ

ಇಂಗ್ಲಿಷ್ ಪಾಠ ಶುರುವಾಗಿ ವಾರವಾಯಿತು. ಬೆಳಿಗ್ಗೆ ಗಿಡ, ಬಿಸಿಲೇರಿದ ಮೇಲೆ ಇಂಗ್ಲಿಷ್. ವಾರಕ್ಕೆ ಏಳು ಅಕ್ಷರ. ಒಂದೊಂದು ಅಕ್ಷರಕ್ಕೂ ಅರ್ಧ ದಿನ. ನಾನು ಎಲ್ಲ ಅಕ್ಷರಗಳನ್ನೂ ಪಂಚಾಕ್ಷರಿಯಿಂದ ಮಣ್ಣಿನ ಮೇಲೆ ಆಗಲೇ ಕಲಿತು, ಅವನು ಬಿಟ್ಟುಹೋದ ಪುಸ್ತಕದಲ್ಲಿ ಕೂಡಿಸಿ ಓದುತ್ತಿದ್ದೇನೆ. ಮೇಷ್ಟರಿಗೆ ಇದರಲ್ಲಿ ಮನಸ್ಸಿಲ್ಲವೋ, ನಮಗೆ ತಲೆಯಿಲ್ಲ ಎಂದುಕೊಂಡಿದ್ದಾರೋ. ಲೋವರ್ ಸೆಕೆಂಡರಿ ಆಗುವುದರೊಳಗೆ ನನಗೆ ಗಡ್ಡ ಬೆಳ್ಳಗಾಗುತ್ತದೆ.

ಇವತ್ತು ಅವರೇ ಕೇಳಿದರು. "ಏನಪ್ಪ ಚಿತ್ರಲಿಂಗ, ಈಗಲಾದರೂ ಸಿಟ್ಟು ಇಳಿಯಿತೇ?"

"ಇಲ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು.

"ಇನ್ನೇನು?"

"ಭಾಳ ನಿಧಾನ ಹೇಳ್ಕೊಡ್ತೀರಿ."

"ನಂಗೆ ಇದೇ ಜೋರಾತು ಮೇಷ್ಟ್ರೇ" ಎಂದ ಕೆಂಚಪ್ಪ. ಹುಡುಗರು ನಕ್ಕರು.

ಮೇಷ್ಟರು ನಗಲಿಲ್ಲ. ಹಲಗೆ ಒರೆಸಿ, ಈ ತುದಿಯಿಂದ ಆ ತುದಿಯವರೆಗೆ ಒಂದು ಇಡೀ ವಾಕ್ಯ ಬರೆದು, "ಓದು" ಎಂದರು.

ಎದ್ದು ನಿಂತೆ. ಅರ್ಧದವರೆಗೆ ಓದಿದೆ. ಮುಂದೆ ಬರಲಿಲ್ಲ.

"ಸಾಕು, ಕೂತ್ಕೋ" ಎಂದರು.

"ಉಳಿದದ್ದು ಹೇಳ್ರಿ" ಎಂದೆ. ಅವರು ಹೇಳಿ ಮುಗಿಸುವವರೆಗೆ ಕೂರಲಿಲ್ಲ.